ಬಸ್ಸಲ್ಲೇ ದ್ರಾಕ್ಷಿ ಸೀಮೆ ಸುತ್ತುವವರಿಗೆ: ಮೆಂಡೋಸಾ, ಕಫಯಾತೆ, ಚಿಲಿ, ಉರುಗ್ವೆ, ತಾರಿಹಾ, ಈಕಾ

ಬೆಳಗ್ಗೆ ಹತ್ತೂವರೆಗೆ ತುನುಯಾನ್ ಬಸ್ ನಿಲ್ದಾಣದಲ್ಲಿ ಇಳಿದೆ. ಅರ್ಜೆಂಟೀನಾದ ಉಕೋ ಕಣಿವೆಯ ಊರು ಅದು, ಮೆಂಡೋಸಾ ನಗರದಿಂದ ಸುಮಾರು 80 ಕಿಲೋಮೀಟರ್. ಬಸ್ಸು ಸಮಯಕ್ಕೆ ಸರಿಯಾಗಿ ಬಂದಿತ್ತು. ಟಿಕೆಟ್ ಅಗ್ಗ. ಎದುರಿಗೆ ಹಿಮ ಹೊತ್ತ ಆಂಡಿಸ್. ಹನ್ನೊಂದೂವರೆಗೆ ಒಂದು ವೈನರಿಯಲ್ಲಿ ಸಮಯ ಗೊತ್ತುಮಾಡಿಕೊಂಡಿದ್ದೆ. ಆ ವೈನರಿ ಅಲ್ಲಿಂದ ಇನ್ನೂ ಹದಿನೈದು ಕಿಲೋಮೀಟರ್ ಒಳಗಿತ್ತು. ಅಲ್ಲಿಗೆ ಬಸ್ಸಿಲ್ಲ. ಕಾದು ಕಾದು ಟ್ಯಾಕ್ಸಿ ಹಿಡಿದು ಹೋಗುವಷ್ಟರಲ್ಲಿ ನನ್ನ ಸರದಿ ಮುಗಿದಿತ್ತು. ಮುಂದಿನ ಸರದಿಯಲ್ಲಿ ಜಾಗ ಇರಲಿಲ್ಲ.

ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಬಸ್ಸಲ್ಲಿ ಸುತ್ತುವವರು ವೈನಿನ ಹೆಸರು ನೋಡಿ ಊರು ಆರಿಸಬಾರದು ಅಂತ ಅವತ್ತು ಗೊತ್ತಾಯಿತು. ಬಸ್ ಸ್ಟ್ಯಾಂಡಿನಿಂದ ತೋಟದ ಗೇಟಿಗೆ ಎಷ್ಟು ದೂರ, ಅಷ್ಟು ದೂರ ಹೇಗೆ ಹೋಗುವುದು ಅನ್ನುವುದನ್ನು ಮೊದಲು ನೋಡಬೇಕು. ಸಾವಿರ ಕಿಲೋಮೀಟರ್ ದಾಟಿಸೋಕೆ ದಕ್ಷಿಣ ಅಮೆರಿಕದಲ್ಲಿ ಬೇಕಾದಷ್ಟು ಬಸ್ಸುಗಳಿವೆ. ತೊಂದರೆ ಕೊಡುವುದು ಕೊನೆಯ ಹತ್ತು ಕಿಲೋಮೀಟರ್. ಈ ಬರಹದಲ್ಲಿ ಆರು ಕಡೆಗಳನ್ನು ಆ ಕಣ್ಣಿನಿಂದಲೇ ಹೋಲಿಸಿದ್ದೇನೆ.

ಕಾರು ಬಾಡಿಗೆಗೆ ತಗೋಬಹುದಲ್ಲ ಅಂತ ಕೇಳುವವರಿದ್ದಾರೆ. ಬೇಡ. ರುಚಿ ನೋಡುವವರು ಸ್ಟಿಯರಿಂಗ್ ಮುಟ್ಟಬಾರದು. ಉರುಗ್ವೆಯಲ್ಲಿ 2016ರಿಂದ ಚಾಲಕರ ರಕ್ತದಲ್ಲಿ ಮದ್ಯದ ಮಿತಿ ಸೊನ್ನೆ. ಅರ್ಜೆಂಟೀನಾ 2023ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆ ಅದೇ ನಿಯಮ ತಂದಿತು. ಚಿಲಿಯ ಕಾನೂನೂ ಬಹಳ ಬಿಗಿ.

ಮೊದಲು ಬಸ್ಸಿನ ವಿಷಯ

ನಮ್ಮ ಅಂಬಾರಿ ಸ್ಲೀಪರಿನ ಥರ ಮಲಗುವ ಬರ್ತ್ ಅಲ್ಲಿ ನಿರೀಕ್ಷಿಸಬೇಡಿ. ಅಲ್ಲಿ ಸೀಟೇ ಹಿಂದಕ್ಕೆ ಬಾಗುತ್ತದೆ. ಎಷ್ಟು ಬಾಗುತ್ತದೆ ಅನ್ನುವುದರ ಮೇಲೆ ದರ. ‘ಸೆಮಿ ಕಾಮಾ’ ಅಂದರೆ ಒಂದು ಸಾಲಿಗೆ ನಾಲ್ಕು ಸೀಟು, ಹೆಚ್ಚುಕಡಿಮೆ ಐರಾವತದ ಹಾಗೆ. ‘ಕಾಮಾ’ ಅಂದರೆ ಹಾಸಿಗೆ. ಅದರಲ್ಲಿ ಸಾಲಿಗೆ ಮೂರೇ ಸೀಟು, ಅಗಲ ಜಾಸ್ತಿ. ‘ಸ್ವೀಟ್’ ತಗೊಂಡರೆ ಸೀಟು ಪೂರ್ತಿ ಚಪ್ಪಟೆಯಾಗುತ್ತದೆ. ಪೆರುವಿನಲ್ಲಿ ಇದನ್ನೇ 140, 160, 180 ಡಿಗ್ರಿ ಅಂತ ಲೆಕ್ಕದಲ್ಲಿ ಹೇಳುತ್ತಾರೆ. ಹತ್ತು ಗಂಟೆಗಿಂತ ಜಾಸ್ತಿ ಪ್ರಯಾಣವಿದ್ದರೆ ‘ಕಾಮಾ’ಗೆ ದುಡ್ಡು ಕೊಡಿ. ಒಂದು ರಾತ್ರಿಯ ಹಾಸ್ಟೆಲ್ ಬಾಡಿಗೆ ಉಳಿಯುತ್ತದೆ, ಬೆಳಗ್ಗೆ ಮೈಕೈ ನೋವೂ ಇರುವುದಿಲ್ಲ. ಹಗಲು ಪ್ರಯಾಣಕ್ಕೆ ಸೆಮಿ ಕಾಮಾ ಸಾಕು. ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನ ಮುಂದಿನ ಸಾಲು ಸಿಕ್ಕರೆ ಬಿಡಲೇಬೇಡಿ.

ಎರಡು ಪದಗಳ ಬಗ್ಗೆ ಎಚ್ಚರ ಇರಲಿ. ಅರ್ಜೆಂಟೀನಾದಲ್ಲಿ ‘ಮಿಕ್ರೊ’ ಅಂದರೆ ದೂರದ ಊರಿನ ಬಸ್ಸು, ‘ಕೊಲೆಕ್ತಿವೊ’ ಅಂದರೆ ಸಿಟಿ ಬಸ್ಸು. ಆಂಡಿಸ್ ದಾಟಿ ಚಿಲಿಗೆ ಹೋದ ಕೂಡಲೇ ‘ಮಿಕ್ರೊ’ ಸಿಟಿ ಬಸ್ಸಾಗುತ್ತದೆ. ‘ಕೊಲೆಕ್ತಿವೊ’ ಅಂದರೆ ನಾಲ್ಕು ಜನ ಹಂಚಿಕೊಂಡು ಹೋಗುವ ಕಾರು, ನಮ್ಮ ಶೇರ್ ಆಟೋದ ಹಾಗೆ. ತೋಟಗಳ ಕಡೆ ಹೋಗುವಾಗ ಇದೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಮಾತು. ವೈನ್ ರುಚಿ ನೋಡಿದ ದಿನವೇ ರಾತ್ರಿ ಬಸ್ ಹತ್ತಬೇಡಿ. ಒಮ್ಮೆ ಹತ್ತಿ ಅನುಭವಿಸಿದ್ದೇನೆ. ಬಸ್ಸಿನೊಳಗೆ ಎಸಿ ಥಂಡಿ, ಬಾಯಿ ಒಣಗುತ್ತದೆ, ತಲೆ ಸಿಡಿಯುತ್ತದೆ. ಒಳಗಿನ ಟಾಯ್ಲೆಟ್ ಮೂತ್ರಕ್ಕೆ ಮಾತ್ರ ಅಂತ ಬಾಗಿಲ ಮೇಲೆ ಬರೆದಿರುತ್ತಾರೆ. ಬೆಳಗ್ಗೆ ತೋಟ, ಸಂಜೆ ವಿಶ್ರಾಂತಿ, ಮರುದಿನ ಬಸ್ಸು. ಈ ಲಯದಲ್ಲಿ ಹೋದರೆ ಹದಿನೈದು ದಿನವೂ ಲವಲವಿಕೆಯಿಂದ ಇರಬಹುದು.

ಮೆಂಡೋಸಾ: ದೊಡ್ಡದು, ಆದರೆ ಮೂರು ಬೇರೆ ಬೇರೆ ಊರು

ಅರ್ಜೆಂಟೀನಾದ ವೈನಿನಲ್ಲಿ ಸುಮಾರು ಮುಕ್ಕಾಲು ಪಾಲು ಮೆಂಡೋಸಾ ಪ್ರಾಂತ್ಯದ್ದು. ಬ್ಯೂನಸ್ ಐರಿಸ್‌ನ ರೆತೀರೊ ನಿಲ್ದಾಣದಿಂದ ಸಾವಿರ ಕಿಲೋಮೀಟರ್ ಚಿಲ್ಲರೆ. ಸಂಜೆ ಹತ್ತಿದರೆ ಮರುದಿನ ಬೆಳಗ್ಗೆ ಇಳಿಯಬಹುದು, ಹದಿಮೂರು-ಹದಿನೈದು ಗಂಟೆ ಹಿಡಿಯುತ್ತದೆ.

ನಗರಕ್ಕೆ ಕಾಲಿಟ್ಟ ತಕ್ಷಣ ಕಾಣುವುದು ನೀರಿನ ಕಾಲುವೆ. ಪ್ರತಿ ರಸ್ತೆಯ ಬದಿಯಲ್ಲೂ, ಮರಗಳ ಬುಡದಲ್ಲೂ ‘ಅಸೇಕಿಯಾ’ ಅನ್ನುವ ತೆರೆದ ಕಾಲುವೆ ಹರಿಯುತ್ತದೆ. ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಾತ್ರ ಮಳೆ ಬೀಳುವ ಮರುಭೂಮಿ ಅದು. ಬಳ್ಳಿಗೆ, ಮರಕ್ಕೆ, ಮನುಷ್ಯರಿಗೆ ಎಲ್ಲರಿಗೂ ಆಂಡಿಸ್‌ನ ಹಿಮ ಕರಗಿದ ನೀರೇ ಆಧಾರ. ಸ್ಪೇನಿನವರು ಬರುವ ಮೊದಲೇ ವಾರ್ಪೆ ಜನ ಕಾಲುವೆ ತೋಡಿ ಬೇಸಾಯ ಮಾಡುತ್ತಿದ್ದರು. ಇವತ್ತಿಗೂ ತೋಟಗಳಿಗೆ ನೀರು ಸರದಿಯ ಮೇಲೆ ಬರುತ್ತದೆ. ತೂಬು ತೆರೆದು, ಯಾರ ತೋಟಕ್ಕೆ ಎಷ್ಟು ಹೊತ್ತು ಅಂತ ನೋಡಿಕೊಳ್ಳುವವನಿಗೆ ‘ತೊಮೆರೊ’ ಅನ್ನುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳಲ್ಲಿ ನೀರುಗಂಟಿ ಮಾಡುತ್ತಿದ್ದ ಕೆಲಸ ಇದೇ ಅಲ್ವಾ? ಇದನ್ನು ಕೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇಲ್ಲಿಯ ಹೆಸರಾದ ಕೆಂಪು ವೈನ್ ಮಾಲ್ಬೆಕ್ ಕುಡಿಯುವ ಮುಂಚೆ ಈ ಕಾಲುವೆಗಳನ್ನು ಅರ್ಧ ದಿನ ನಡೆದು ನೋಡಿ. ಕತ್ತಲಲ್ಲಿ ರಸ್ತೆ ದಾಟುವಾಗ ಮಾತ್ರ ಕಾಲು ಎಲ್ಲಿಡುತ್ತೀರಿ ಅಂತ ನೋಡಿಕೊಳ್ಳಿ. ಕಾಲುವೆ ಆಳ ಇದೆ. 1861ರ ಭೂಕಂಪದಲ್ಲಿ ಹಳೆಯ ನಗರ ನೆಲಸಮವಾದ ಮೇಲೆ ರಸ್ತೆಗಳನ್ನು ಅಗಲ ಮಾಡಿ, ದೊಡ್ಡ ಚೌಕಗಳನ್ನು ಬಿಟ್ಟು ಕಟ್ಟಿದ್ದಾರೆ. ಹಾಗಾಗಿ ನಡೆಯೋಕೆ ಹಿತ.

ಈಗ ಕೊನೆಯ ಹತ್ತು ಕಿಲೋಮೀಟರಿನ ಲೆಕ್ಕ. ಮೆಂಡೋಸಾ ಅಂತ ಒಂದೇ ಹೆಸರು ಹೇಳಿದರೂ ಬಸ್ಸಿನವರಿಗೆ ಅದು ಮೂರು ಬೇರೆ ಜಾಗ.

ಮೈಪೂ ನಿಮ್ಮದು. ನಗರದ ಮಧ್ಯದಿಂದ 2012ರಲ್ಲಿ ಶುರುವಾದ ‘ಮೆತ್ರೊತ್ರಾನ್ವಿಯಾ’ ಅನ್ನುವ ಟ್ರಾಮ್ ಮೈಪೂ ಭಾಗದ ಗುತಿಯೆರೆಸ್ ನಿಲ್ದಾಣದವರೆಗೆ ಹೋಗುತ್ತದೆ. ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ಓಡಿ ಮುಗಿದ ಹಳೆಯ ಡಬ್ಬಿಗಳನ್ನು ತಂದು ಓಡಿಸಿದರು. ಅಲ್ಲಿಂದ 1898ರ ಲೋಪೆಸ್ ಬೊದೇಗಾಗೆ ನಡೆದೇ ಹೋಗಬಹುದು. ಬೊದೇಗಾ ಅಂದರೆ ವೈನರಿ, ಅಲ್ಲೆಲ್ಲ ಇದೇ ಮಾತು. ಇನ್ನೂ ನೋಡಬೇಕು ಅಂದರೆ ಕೊಕಿಂಬಿತೊ ಕಡೆ ಸೈಕಲ್ ಬಾಡಿಗೆಗೆ ಸಿಗುತ್ತದೆ. ಹಳೆಯ ಲಾ ರೂರಲ್ ಬೊದೇಗಾದಲ್ಲಿ ವೈನ್ ಮ್ಯೂಸಿಯಂ ಇದೆ. ಒಂದಿಡೀ ಹಸುವಿನ ಚರ್ಮ ಕಟ್ಟಿ ಅದರಲ್ಲಿ ದ್ರಾಕ್ಷಿ ತುಳಿಯುತ್ತಿದ್ದ ಕಾಲದ ಸಾಮಾನುಗಳೂ ಅಲ್ಲಿವೆ. ಮುಖ್ಯರಸ್ತೆಯಲ್ಲಿ ಲಾರಿಗಳು ಜೋರಾಗಿ ಹೋಗುತ್ತವೆ. ಆದ್ದರಿಂದ ದಿನಕ್ಕೆ ಮೂರು ಕಡೆಗಿಂತ ಜಾಸ್ತಿ ಬೇಡ. ಮೂರನೆಯದು ಆಲಿವ್ ಎಣ್ಣೆಯ ಗಾಣವಾಗಿರಲಿ. ಲೌರ್ ಅನ್ನುವ ಕುಟುಂಬದ್ದು 1906ರಿಂದ ಇದೆ. ಜೊತೆಗಿರುವವರು ಕುಡಿಯದವರಾಗಿದ್ದರೆ ಅವರಿಗೂ ಆ ದಿನ ಚೆನ್ನಾಗಿ ಕಳೆಯುತ್ತದೆ.

ಲುಹಾನ್ ದೆ ಕುಯೊ ಮಧ್ಯದ ದಾರಿ. ಸಿಟಿ ಬಸ್ ಚಾಕ್ರಾಸ್ ದೆ ಕೋರಿಯಾವರೆಗೆ ಸಲೀಸಾಗಿ ಹೋಗುತ್ತದೆ. ನಂತರ ತೋಟಗಳು ಚದುರಿವೆ, ಟ್ಯಾಕ್ಸಿ ಬೇಕಾಗಬಹುದು. ಹಳೆಯ ಮಾಲ್ಬೆಕ್ ಬಳ್ಳಿಗಳನ್ನು ನೋಡಬೇಕು ಅನ್ನುವವರಿಗೆ ಈ ಜಾಗ ಸರಿ. ಮಾಲ್ಬೆಕ್ ಫ್ರಾನ್ಸಿನ ತಳಿ. 1853ರಲ್ಲಿ ಮಿಶೆಲ್ ಐಮೆ ಪೂಜೆ ಅನ್ನುವ ಫ್ರೆಂಚ್ ಕೃಷಿತಜ್ಞ ಮೆಂಡೋಸಾದಲ್ಲಿ ಸಸಿತೋಟ ಮಾಡಿ ಬೆಳೆಸಿದ. ಅದು ಹುಟ್ಟಿದ ಊರಿಗಿಂತ ಇಲ್ಲೇ ಜಾಸ್ತಿ ಹೆಸರು ಮಾಡಿತು.

ಉಕೋ ಕಣಿವೆ ಅತ್ಯಂತ ಸುಂದರ. ಸಾವಿರ ಮೀಟರಿಗಿಂತ ಎತ್ತರದ ತೋಟಗಳು, ಬೆನ್ನಿಗೇ ಹಿಮಪರ್ವತ. ಆದರೆ ನಾನು ತುನುಯಾನ್‌ನಲ್ಲಿ ಪಟ್ಟ ಪಾಡು ಮೊದಲೇ ಹೇಳಿದೆನಲ್ಲ. ಅಲ್ಲಿಗೆ ಹೋಗಲೇಬೇಕು ಅಂದರೆ ಹಾಸ್ಟೆಲಿನಲ್ಲಿ ಮೂರು-ನಾಲ್ಕು ಜನ ಸೇರಿ ಒಂದು ದಿನಕ್ಕೆ ಚಾಲಕರಿರುವ ಕಾರು ಮಾತಾಡಿ. ಊಟದ ಜೊತೆ ರುಚಿ ನೋಡುವ ವೈನರಿಗಳು ಅಲ್ಲಿ ದುಬಾರಿ. ಮುಂಗಡ ಬುಕಿಂಗ್ ಇಲ್ಲದೆ ಗೇಟ್ ತೆರೆಯುವುದೇ ಇಲ್ಲ.

ಬಳ್ಳಿಗಳ ಮೇಲೆ ಕಪ್ಪು ಬಲೆ ಹೊದಿಸಿರುವುದನ್ನು ಎಲ್ಲೆಲ್ಲೂ ನೋಡುತ್ತೀರಿ. ಹಕ್ಕಿಗಲ್ಲ ಅದು, ಆಲಿಕಲ್ಲಿಗೆ. ಬೇಸಿಗೆಯ ಹತ್ತು ನಿಮಿಷದ ಆಲಿಕಲ್ಲು ಮಳೆ ವರ್ಷದ ಬೆಳೆಯನ್ನೇ ಹೊಡೆದುಹಾಕುತ್ತದೆ. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಈ ಭಯವನ್ನು ವಿವರಿಸಬೇಕಾಗಿಲ್ಲ.

ಕಫಯಾತೆ: ನನ್ನ ಮೊದಲ ಆಯ್ಕೆ

ಒಂದೇ ಕಡೆ ಹೋಗೋಕೆ ಆಗುವುದು, ಕೈಯಲ್ಲಿ ದುಡ್ಡು ಕಡಿಮೆ, ಸ್ಪ್ಯಾನಿಷ್ ಬರುವುದಿಲ್ಲ ಅನ್ನುವವರಿಗೆ ಕಣ್ಣು ಮುಚ್ಚಿ ಕಫಯಾತೆ ಅನ್ನುತ್ತೇನೆ. ಅರ್ಜೆಂಟೀನಾದ ಉತ್ತರದಲ್ಲಿ, ಸಾಲ್ಟಾ ನಗರದಿಂದ ಸುಮಾರು 190 ಕಿಲೋಮೀಟರ್. ಬಸ್ಸಲ್ಲಿ ನಾಲ್ಕು ಗಂಟೆಯ ದಾರಿ. ಆ ದಾರಿ ನೋಡಿದ್ದಕ್ಕೇ ಟಿಕೆಟಿನ ದುಡ್ಡು ಸಾರ್ಥಕ. ಕೊನೆಯ ಭಾಗ ಕೆಬ್ರಾದಾ ದೆ ಲಾಸ್ ಕೊಂಚಾಸ್ ಅನ್ನುವ ಕಣಿವೆಯಲ್ಲಿ ಸಾಗುತ್ತದೆ. ಕುಂಕುಮದ ಕೆಂಪು, ಇಟ್ಟಿಗೆಯ ಕೆಂಪು, ಅರಿಶಿನದ ಹಳದಿ. ಬಂಡೆಗಳು ಪದರ ಪದರವಾಗಿ ನಿಂತಿವೆ. ನಡುವೆ ‘ದೆವ್ವದ ಗಂಟಲು’ ಅನ್ನುವ ಸೀಳು, ಆಮೇಲೆ ‘ಆನ್ಫಿತೆಯಾತ್ರೊ’ ಅನ್ನುವ ಬಂಡೆಗಳ ಸಹಜ ರಂಗಮಂದಿರ. ಒಳಗೆ ಯಾರಾದರೂ ಕೊಳಲು ಊದುತ್ತಿದ್ದರೆ ನಾದ ಸುತ್ತಿ ಸುತ್ತಿ ಬರುತ್ತದೆ. ಹಗಲು ಬಸ್ಸನ್ನೇ ಹಿಡಿಯಿರಿ.

ಊರು ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಬಸ್ಸು ಇಳಿದರೆ ಪ್ಲಾಜಾ, ಅಂದರೆ ಊರಿನ ಮುಖ್ಯ ಚೌಕ, ಹತ್ತಿರ. ಪ್ಲಾಜಾದಿಂದ ಬೊದೇಗಾ ಹತ್ತಿರ. 1897ರಿಂದ ಒಂದೇ ಕುಟುಂಬ ನಡೆಸಿಕೊಂಡು ಬಂದಿರುವ ನಾನ್ನಿ ಬೊದೇಗಾಗೆ ಪ್ಲಾಜಾದಿಂದ ಐದು ನಿಮಿಷ ನಡೆದರೆ ಸಾಕು. ಊರಿನ ಅಂಚಿನ ಎಲ್ ಎಸ್ತೇಕೊ ಹೆದ್ದಾರಿಗಳು ಸೇರುವ ಕಡೆ ಇದೆ, ಅಲ್ಲಿಗೂ ನಡೆಯಬಹುದು. ಸ್ವಲ್ಪ ದೂರದವಕ್ಕೆ ಸೈಕಲ್. ಟ್ಯಾಕ್ಸಿಯ ಮಾತೇ ಬೇಡ. ಇಂಥ ಅನುಕೂಲ ಆರು ಕಡೆಗಳಲ್ಲಿ ಇನ್ನೆಲ್ಲೂ ಇಲ್ಲ.

ಇಲ್ಲಿಯ ಹೆಸರಾದ ದ್ರಾಕ್ಷಿ ತೊರ್ರೊಂತೆಸ್. ಬಿಳಿ ವೈನ್. ಮೂಗಿನ ಹತ್ತಿರ ತಂದರೆ ಮಲ್ಲಿಗೆ, ಕಿತ್ತಳೆ ಸಿಪ್ಪೆ, ಮಾಗಿದ ಪೀಚ್. ಇಷ್ಟು ಪರಿಮಳ ಇದೆ, ಸಿಹಿ ಇರುತ್ತದೆ ಅಂದುಕೊಂಡು ಬಾಯಿಗಿಟ್ಟರೆ ಒಣ ವೈನ್. ಆ ಅಚ್ಚರಿಯೇ ಅದರ ಚೆಲುವು. ಅಲೆಕ್ಸಾಂಡ್ರಿಯಾದ ಮಸ್ಕಟ್ ಮತ್ತು ಸ್ಪೇನಿನವರು ತಂದ ಹಳೆಯ ಕ್ರಿಯೊಯಾ ದ್ರಾಕ್ಷಿ ಬೆರೆತು ಈ ನೆಲದಲ್ಲೇ ಹುಟ್ಟಿದ ತಳಿ ಇದು. ಅದಕ್ಕೇ ಅರ್ಜೆಂಟೀನಾದವರು ಇದನ್ನು ತಮ್ಮ ಸ್ವಂತದ್ದು ಅಂತ ಹೆಮ್ಮೆಯಿಂದ ಹೇಳುತ್ತಾರೆ. ಹಳೆಯ ತೋಟಗಳಲ್ಲಿ ಇದನ್ನು ಚಪ್ಪರಕ್ಕೆ ಹಬ್ಬಿಸಿರುತ್ತಾರೆ. ಚಪ್ಪರದ ಕೆಳಗೆ ನಿಂತು ಮೇಲೆ ನೋಡಿದರೆ ದೇವನಹಳ್ಳಿ ಕಡೆಯ ತೋಟದಲ್ಲಿ ನಿಂತ ಹಾಗೇ ಆಗುತ್ತದೆ. ಹಗಲಿಡೀ ಸುಡು ಬಿಸಿಲು, ರಾತ್ರಿ ನಡುಕ ಹುಟ್ಟಿಸುವ ಚಳಿ. ಆ ಬಿಸಿಲಿಗೆ ಹಣ್ಣು ಮಾಗುತ್ತದೆ. ರಾತ್ರಿಯ ತಂಪು ಅದರ ಹುಳಿಯನ್ನು ಕಾಯುತ್ತದೆ.

ಕುಡಿಯದವರಿಗೂ ಇಲ್ಲಿ ಬೇಸರ ಆಗುವುದಿಲ್ಲ. ‘ಮುಸೇಯೊ ದೆ ಲಾ ವಿದ್ ಇ ಎಲ್ ವೀನೊ’ ಅನ್ನುವ ಬಳ್ಳಿ-ವೈನಿನ ಮ್ಯೂಸಿಯಂ ಚೆನ್ನಾಗಿದೆ. ತೊರ್ರೊಂತೆಸ್ ಹಾಕಿದ ಐಸ್‌ಕ್ರೀಂ ಊರಲ್ಲಿ ಸಿಗುತ್ತದೆ, ಅದರಲ್ಲಿ ನಿಜವಾಗಿ ವೈನ್ ಇರುತ್ತದೆ ಅನ್ನುವುದು ನೆನಪಿರಲಿ. ಕಿಲ್ಮೆಸ್ ಅನ್ನುವ ಹಳೆಯ ಕೋಟೆ-ಊರಿನ ಅವಶೇಷ ದಕ್ಷಿಣಕ್ಕೆ ಒಂದು ಗಂಟೆ ದೂರದಲ್ಲಿದೆ.

ಕೊರತೆಯೂ ಇದೆ. ಮಧ್ಯಾಹ್ನ ಒಂದರಿಂದ ಐದರವರೆಗೆ ಊರು ಬಾಗಿಲು ಹಾಕಿ ಮಲಗುತ್ತದೆ. ಹಸಿದು ಬಸ್ಸಿಳಿದರೆ ಒಂದು ಎಂಪನಾಡಾ (ಹೂರಣ ತುಂಬಿದ ಕಡುಬಿನಂಥ ತಿಂಡಿ) ಸಿಗುವುದೂ ಕಷ್ಟ. ಜನವರಿ, ಫೆಬ್ರವರಿಯಲ್ಲಿ ಮಳೆ ಬಂದು ಕಣಿವೆಯ ರಸ್ತೆಗೆ ಮಣ್ಣು ಕುಸಿಯುವುದುಂಟು. ಎಲ್ಲಕ್ಕಿಂತ ಹೆಚ್ಚಾಗಿ, ದೂರ. ಬ್ಯೂನಸ್ ಐರಿಸ್‌ನಿಂದ ಸಾಲ್ಟಾಗೆ ಬಸ್ಸಲ್ಲಿ ಇಪ್ಪತ್ತು ಗಂಟೆ ಮೇಲಾಗುತ್ತದೆ. ಮೆಂಡೋಸಾದಿಂದ ಬರುವವರು ಸಾಲ್ಟಾವರೆಗೆ ಹೋಗದೆ ತುಕುಮಾನ್‌ನಲ್ಲಿ ಇಳಿದು, ತಾಫಿ ದೆಲ್ ವಾಯೆ ಮೇಲಿಂದ ಕಫಯಾತೆಗೆ ಬಸ್ ಹಿಡಿಯಲಿ. ಕಬ್ಬಿನ ಗದ್ದೆಯಿಂದ ಶುರುವಾಗಿ, ದಟ್ಟ ಕಾಡು ಹತ್ತಿ, ಕೊನೆಗೆ ಕಳ್ಳಿ ಬೆಳೆದ ಬಯಲಿಗೆ ಇಳಿಯುತ್ತದೆ. ಒಂದೇ ದಿನದಲ್ಲಿ ಮೂರು ಸೀಮೆ.

ಚಿಲಿ: ರಜೆ ಕಡಿಮೆ ಇರುವವರಿಗೆ

ಚಿಲಿಯ ಅನುಕೂಲ ಅಂದರೆ ಎಲ್ಲವೂ ಸಾಂಟಿಯಾಗೊಗೆ ಹತ್ತಿರ. ಮೈಪೊ ಕಣಿವೆಯ (ಇದು ಮೆಂಡೋಸಾದ ಮೈಪೂ ಅಲ್ಲ) ಕೆಲವು ವೈನರಿಗಳಿಗೆ ಮೆಟ್ರೊದಲ್ಲೇ ಹೋಗಬಹುದು. ನಾಲ್ಕನೇ ಲೈನಿನ ಲಾಸ್ ಮೆರ್ಸೆದೆಸ್ ನಿಲ್ದಾಣದಲ್ಲಿ ಇಳಿದು ಬಸ್ ಹಿಡಿದರೆ ಪಿರ್ಕೆ. 1883ರ ಕೊಂಚಾ ಇ ತೋರೊ ಅಲ್ಲಿದೆ. ಬೆಂಗಳೂರಿನ ಅಂಗಡಿಗಳಲ್ಲೂ ಅದರ ಬಾಟಲಿ ಕಾಣುತ್ತದೆ. ಅಲ್ಲಿ ಪ್ರವಾಸಿಗರ ಗುಂಪು ಜಾಸ್ತಿ. ಅದೇ ಲೈನಿನ ಕಿಲಿನ್ ಕಡೆಯ ಕೊಸಿನ್ಯೊ ಮಕುಲ್ 1856ರದ್ದು, ಅಲ್ಲಿ ಸ್ವಲ್ಪ ನಿಧಾನವಾಗಿ ನೋಡಬಹುದು.

ಕಾಸಾಬ್ಲಾಂಕಾ ಕಣಿವೆ ಸಾಂಟಿಯಾಗೊ ಮತ್ತು ವಾಲ್ಪರೈಸೊ ನಡುವಿನ ಹೆದ್ದಾರಿಯಲ್ಲೇ ಇದೆ. ಸಮುದ್ರದಿಂದ ಬೆಳಗಿನ ಮಂಜು ಬರುತ್ತದೆ. ಸೊವಿನ್ಯೊನ್ ಬ್ಲಾಂಕ್, ಶಾರ್ಡೊನೆ ಅನ್ನುವ ಬಿಳಿ ವೈನಿನ ದ್ರಾಕ್ಷಿಗಳಿಗೆ ಹೇಳಿಮಾಡಿಸಿದ ಜಾಗ. ಇಲ್ಲಿ ದ್ರಾಕ್ಷಿ ಹಾಕಿದ್ದೇ 1980ರ ದಶಕದಲ್ಲಿ. ಬಸ್ಸುಗಳೇನೋ ಹತ್ತು-ಹದಿನೈದು ನಿಮಿಷಕ್ಕೊಂದು ಹೋಗುತ್ತವೆ. ಆದರೆ ತೋಟಗಳು ಹೆದ್ದಾರಿಯ ಆಚೀಚೆ ಹರಡಿವೆ. ಹೆದ್ದಾರಿಯ ಅಂಚಿನಲ್ಲಿ ಬಿಸಿಲಲ್ಲಿ ನಡೆಯುವುದು ಅಪಾಯ. ಬಸ್ಸಿನವರಿಗೆ ಇದು ಕಿಟಕಿಯಿಂದ ನೋಡುವ ಕಣಿವೆ ಅಂತಲೇ ನನ್ನ ಅಭಿಪ್ರಾಯ.

ಚಿಲಿಯಲ್ಲಿ ರಾತ್ರಿ ಉಳಿಯಬೇಕಾದ್ದು ಕೊಲ್ಚಾಗುವಾ ಕಣಿವೆಯ ಸಾಂತಾ ಕ್ರೂಸ್‌ನಲ್ಲಿ. ಸಾಂಟಿಯಾಗೊದಿಂದ ಸುಮಾರು 180 ಕಿಲೋಮೀಟರ್, ಮೂರು ಗಂಟೆ. ಲೌರಾ ಹಾರ್ಟ್‌ವಿಗ್ ವೈನರಿ ಪ್ಲಾಜಾದಿಂದ ನಡೆದು ಹೋಗುವಷ್ಟು ದೂರ. ವಿಯು ಮನೆಂತ್ ಕೆಲವೇ ಕಿಲೋಮೀಟರ್, ಸಾನ್ ಫೆರ್ನಾಂದೊ ಕಡೆಯ ಬಸ್ಸು ಹೋಗುವ ರಸ್ತೆಯಲ್ಲೇ ಇದೆ. ಡ್ರೈವರಿಗೆ ಹೆಸರು ಹೇಳಿದರೆ ಗೇಟಿನ ಹತ್ತಿರ ಇಳಿಸುತ್ತಾರೆ. ಅಪಾಲ್ತಾ ಗುಡ್ಡಗಳಿಗೆ ಮಾತ್ರ ಟ್ಯಾಕ್ಸಿ ಬೇಕು.

ಇಲ್ಲಿ ಕೇಳಬೇಕಾದ ವೈನ್ ಕಾರ್ಮೆನೇರ್. ಅದರ ಕಥೆ ನನಗೆ ಬಹಳ ಇಷ್ಟ. ಫ್ರಾನ್ಸಿನ ಬೋರ್ಡೊದಲ್ಲಿ ಬೆಳೆಯುತ್ತಿದ್ದ ಈ ತಳಿ ಹತ್ತೊಂಬತ್ತನೇ ಶತಮಾನದಲ್ಲಿ ಫಿಲೊಕ್ಸೆರಾ ಅನ್ನುವ ಬೇರಿನ ರಸ ಹೀರುವ ಕೀಟದಿಂದ ಹೆಚ್ಚುಕಡಿಮೆ ಅಳಿದೇಹೋಯಿತು. ಅದಕ್ಕೂ ಮೊದಲೇ ಅದರ ಕಡ್ಡಿಗಳು ಚಿಲಿಗೆ ಬಂದಿದ್ದವು. ಇಲ್ಲಿಯ ಜನ ಅದನ್ನು ಮರ್ಲೊ ಅನ್ನುವ ಇನ್ನೊಂದು ತಳಿ ಅಂದುಕೊಂಡೇ ತಲೆಮಾರುಗಟ್ಟಲೆ ಬೆಳೆದರು. 1994ರ ನವೆಂಬರಿನಲ್ಲಿ ಜಾನ್ ಮಿಶೆಲ್ ಬೂರ್ಸಿಕೊ ಅನ್ನುವ ಫ್ರೆಂಚ್ ತಜ್ಞ ಮೈಪೊ ಕಣಿವೆಯ ಒಂದು ತೋಟದಲ್ಲಿ ನಿಂತು, ಇದು ಮರ್ಲೊ ಅಲ್ಲ, ಕಾರ್ಮೆನೇರ್ ಅಂತ ಗುರುತಿಸಿದ. ಕಳೆದುಹೋದ ಬಳ್ಳಿ ಸಮುದ್ರದಾಚೆ ಬೇರೆ ಹೆಸರಿನಲ್ಲಿ ಬದುಕಿತ್ತು. ಫಿಲೊಕ್ಸೆರಾ ಚಿಲಿಗೆ ಇವತ್ತಿಗೂ ಬಂದಿಲ್ಲ.

ಮೆಂಡೋಸಾದಿಂದ ಸಾಂಟಿಯಾಗೊಗೆ ಬಸ್ಸಲ್ಲಿ ದಾಟುವುದು ಈ ಇಡೀ ಪ್ರಯಾಣದ ಅತ್ಯಂತ ಒಳ್ಳೆಯ ದಿನ. ದೂರ 360 ಕಿಲೋಮೀಟರ್ ಆಸುಪಾಸು. ಆದರೆ ಗಡಿ ತಪಾಸಣೆ ಸೇರಿ ಎಂಟು ಗಂಟೆ ಅಂತ ಇಟ್ಟುಕೊಳ್ಳಿ. ಬಲಗಡೆ ಕಿಟಕಿ ಕೇಳಿ. 6,961 ಮೀಟರಿನ ಅಕೊಂಕಾಗುವಾ ಒಂದು ಕ್ಷಣ ಆ ಕಡೆ ಕಾಣಿಸುತ್ತದೆ. 3,200 ಮೀಟರ್ ಎತ್ತರದ ಸುರಂಗ ದಾಟಿದ ಮೇಲೆ ಚಿಲಿ ಕಡೆಗೆ ‘ಕರಾಕೋಲೆಸ್’ ಅನ್ನುವ ತಿರುವುಗಳು. ಆಗುಂಬೆ ಘಾಟಿ ಇಳಿದವರಿಗೂ ಅಲ್ಲಿ ಸೀಟಿನ ಹಿಡಿಕೆ ಹಿಡಿಯುವ ಹಾಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಮ ಬಿದ್ದು ದಾರಿ ಮುಚ್ಚಬಹುದು, ಕೆಲವೊಮ್ಮೆ ದಿನಗಟ್ಟಲೆ. ಆ ತಿಂಗಳುಗಳಲ್ಲಿ ದಾಟಿದ ಮರುದಿನವೇ ವಿಮಾನ ಬುಕ್ ಮಾಡಬೇಡಿ.

ಇದು ಕನ್ನಡದವರಿಗೆ ವಿಶೇಷವಾಗಿ: ಚಿಲಿಯ ಗಡಿಯಲ್ಲಿ ಹಣ್ಣು, ತರಕಾರಿ, ಬೀಜ, ಕಾಳು, ಹಾಲಿನ ಪದಾರ್ಥ, ಜೇನು ಎಲ್ಲದಕ್ಕೂ ತಪಾಸಣೆ. ಬ್ಯಾಗಿನಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಹುರಿಗಡಲೆ ಏನೇ ಇದ್ದರೂ ಫಾರಂನಲ್ಲಿ ‘ಇದೆ’ ಅಂತ ಬರೆಯಿರಿ. ಬರೆದರೆ ಹೆಚ್ಚೆಂದರೆ ಎತ್ತಿಡುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಉಳಿದ ಮೂರು

ಉರುಗ್ವೆಯ ಕಾರ್ಮೆಲೊ ಶಾಂತವಾದ ನದಿ ತೀರದ ಊರು. ಬ್ಯೂನಸ್ ಐರಿಸ್‌ನಿಂದ ದೋಣಿಯಲ್ಲಿ ಕೊಲೋನಿಯಾಗೆ ಒಂದು ಗಂಟೆ ಚಿಲ್ಲರೆ. ಅಲ್ಲಿಂದ ಬಸ್ಸಲ್ಲಿ ಸುಮಾರು 75 ಕಿಲೋಮೀಟರ್. 1912ರಲ್ಲಿ ಕಟ್ಟಿದ, ಕೈಯಿಂದ ತಿರುಗಿಸುವ ಸೇತುವೆ ಊರ ಗುರುತು. ತೋಟಗಳು ಕೆಲವೇ ಕಿಲೋಮೀಟರ್ ದೂರದಲ್ಲಿ, ನೆಲ ಸಮತಟ್ಟು, ಸೈಕಲಿಗೆ ಸುಖ. ತನ್ನಾತ್ ಅನ್ನುವ ಕಪ್ಪು ದ್ರಾಕ್ಷಿ ಇಲ್ಲಿ ಹೆಸರಾದದ್ದು. ಒಗರು ಜೋರು, ಚೀಸ್ ಜೊತೆಗೆ ಕುಡಿದರೆ ಮೆತ್ತಗಾಗುತ್ತದೆ. ಬೆಲೆ ಮಾತ್ರ ಆರು ಕಡೆಗಳಲ್ಲೇ ಜಾಸ್ತಿ ಅನ್ನಿಸಿತು. ಬ್ಯೂನಸ್ ಐರಿಸ್‌ನಲ್ಲಿ ಮೂರು ದಿನ ಉಳಿದಿದ್ದರೆ ಹೋಗಿ. ಇದಕ್ಕಾಗಿಯೇ ಸುತ್ತುಬಳಸಿ ಹೋಗಬೇಕಾಗಿಲ್ಲ.

ಬೊಲಿವಿಯಾದ ತಾರಿಹಾ ಬೇರೆಯದೇ ಲೋಕ. ಸುಮಾರು 1,850 ಮೀಟರಿನ ಬೆಚ್ಚನೆಯ ಕಣಿವೆ. ಲಾ ಪಾಸ್‌ನ ಚಳಿಯಿಂದ, ಪೊತೊಸಿಯ ತೆಳು ಗಾಳಿಯಿಂದ ಇಳಿದು ಬಂದವರಿಗೆ ಇಲ್ಲಿ ಉಸಿರಾಟವೇ ಒಂದು ಸುಖ. ಊರಿನಿಂದ ಸುಮಾರು 25 ಕಿಲೋಮೀಟರ್ ದೂರದ ವಾಯೆ ದೆ ಲಾ ಕೊನ್ಸೆಪ್ಸಿಯೊನ್‌ಗೆ ‘ತ್ರೂಫಿ’ ಅನ್ನುವ ಶೇರ್ ವ್ಯಾನುಗಳು ಹೋಗುತ್ತವೆ. ತುಂಬಿದ ಕೂಡಲೇ ಹೊರಡುತ್ತವೆ. ಹಳ್ಳಿಯ ಚೌಕದಲ್ಲಿ ಇಳಿದರೆ ಕಾಲಲ್ಲಿ ತುಳಿದು ಮಾಡಿದ ‘ಪಾತೆರೊ’ ವೈನ್ ಕೊಡುವ ಸಣ್ಣ ಬೊದೇಗಾಗಳಿವೆ. ಮಸ್ಕಟ್ ದ್ರಾಕ್ಷಿಯಿಂದ ಭಟ್ಟಿ ಇಳಿಸಿದ ಸಿಂಗಾನಿ ಇಲ್ಲಿಯ ಹೆಮ್ಮೆ. ಅದಕ್ಕೆ ಶುಂಠಿ ಸೋಡಾ, ನಿಂಬೆ ಸೇರಿಸಿದರೆ ‘ಚುಫ್ಲಾಯ್’. ಖರ್ಚು ಎಲ್ಲಕ್ಕಿಂತ ಕಡಿಮೆ. ರಸ್ತೆ ಮಾತ್ರ ಎಲ್ಲಕ್ಕಿಂತ ಕಷ್ಟ, ಲಾ ಪಾಸ್‌ನಿಂದ ರಾತ್ರಿಯಿಡೀ ಪ್ರಯಾಣ. ಸಾಲ್ಟಾ ಕಡೆಯಿಂದ ಬರುವವರು ಆಗುವಾಸ್ ಬ್ಲಾಂಕಾಸ್-ಬೆರ್ಮೆಹೊ ಗಡಿಯಲ್ಲಿ ದಾಟಿದರೆ ದೂರ ಕಡಿಮೆ. ಸಮಯ ಇರುವವರಿಗೆ, ಜನರ ಜೊತೆ ಕೂತು ಮಾತಾಡಬೇಕು ಅನ್ನುವವರಿಗೆ ತಾರಿಹಾವನ್ನು ಮನಸಾರೆ ಹೇಳುತ್ತೇನೆ.

ಪೆರುವಿನ ಈಕಾ ಲಿಮಾದಿಂದ 300 ಕಿಲೋಮೀಟರ್, ನಾಲ್ಕೈದು ಗಂಟೆ. ಇಲ್ಲಿ ವೈನಿಗಿಂತ ಪಿಸ್ಕೊ ಮುಖ್ಯ. ದ್ರಾಕ್ಷಿ ರಸ ಹುದುಗಿಸಿ ಭಟ್ಟಿ ಇಳಿಸುತ್ತಾರೆ, ಆಮೇಲೆ ಒಂದು ಹನಿ ನೀರೂ ಸೇರಿಸುವಂತಿಲ್ಲ. ಬೊದೇಗಾಗಳು ಏಳೆಂಟು-ಹತ್ತು ಕಿಲೋಮೀಟರ್ ಒಳಗೇ ಇವೆ. ಹೋಗುವುದು ಮೋತೊಟ್ಯಾಕ್ಸಿಯಲ್ಲಿ. ಅದರಲ್ಲಿ ಎಷ್ಟೋ ನಮ್ಮ ಬಜಾಜ್ ಆಟೋಗಳೇ. ಅಲ್ಲಿ ಅದರ ಹೆಸರು ‘ತೊರೀತೊ’, ಅಂದರೆ ಪುಟ್ಟ ಗೂಳಿ. ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ಬೊರ್ಗೊನ್ಯಾ ಅನ್ನುವ ಸಿಹಿ ವೈನ್ ಕೊಟ್ಟರೆ ಬೇಡ ಅನ್ನಬೇಡಿ. ಅದು ಇಸಬೆಲಾ ದ್ರಾಕ್ಷಿಯದು. ವಾಸನೆ ನೋಡಿದ ತಕ್ಷಣ ಮನೆಯ ಬೆಂಗಳೂರು ಬ್ಲೂ ನೆನಪಾಗುತ್ತದೆ. ಸಂಜೆಗೆ ಐದು ಕಿಲೋಮೀಟರ್ ದೂರದ ಉವಾಕಚೀನಾ ಮರಳುದಿಬ್ಬಗಳಿವೆ. ಮಾಚು ಪಿಚುಗೆ ಅಂತ ಪೆರುವಿಗೆ ಹೋದವರು ಎರಡು ದಿನ ಸೇರಿಸಿಕೊಳ್ಳಬಹುದು.

ಹಾಗಾದರೆ ಎಷ್ಟು ದಿನಕ್ಕೆ ಯಾವುದು?

ಒಂದು ವಾರ ಇದ್ದರೆ ಸಾಂಟಿಯಾಗೊಗೆ ಇಳಿದು, ಸಾಂತಾ ಕ್ರೂಸ್‌ನಲ್ಲಿ ಎರಡು ರಾತ್ರಿ, ಆಮೇಲೆ ಆಂಡಿಸ್ ದಾಟಿ ಮೆಂಡೋಸಾದಲ್ಲಿ ಮೂರು ರಾತ್ರಿ. ಎರಡು ವಾರ ಇದ್ದರೆ ಮೆಂಡೋಸಾದಿಂದ ತುಕುಮಾನ್ ಮೇಲೆ ಕಫಯಾತೆ, ಅಲ್ಲಿಂದ ಸಾಲ್ಟಾ. ಮೂರು ವಾರಕ್ಕೆ ತಾರಿಹಾವನ್ನೂ ಸೇರಿಸಿ. ಆರನ್ನೂ ಒಂದೇ ಸಲ ಮುಗಿಸುವ ಹಟ ಬೇಡ. ಬಸ್ಸಿನಲ್ಲೇ ರಜೆ ಕಳೆದುಹೋಗುತ್ತದೆ.

ಕೊಯ್ಲು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ನಮ್ಮಲ್ಲೂ ಆಗಲೇ ದ್ರಾಕ್ಷಿ ಕೊಯ್ಯುತ್ತಾರೆ, ಆದರೆ ಅಲ್ಲಿ ಅದು ಬೇಸಿಗೆ ಮುಗಿಯುವ ಹೊತ್ತು. ಮಾರ್ಚ್ ಮೊದಲ ವಾರದಲ್ಲಿ ಮೆಂಡೋಸಾದ ವೆಂದಿಮಿಯಾ ಹಬ್ಬ, 1936ರಿಂದ ನಡೆಯುತ್ತಿದೆ. ಆಗ ರೂಮು ಸಿಗುವುದಿಲ್ಲ, ಬಸ್ಸುಗಳೂ ತುಂಬಿರುತ್ತವೆ. ಹಬ್ಬವೇ ನೋಡಬೇಕು ಅನ್ನದಿದ್ದರೆ ಏಪ್ರಿಲ್ ಹಿಡಿಯಿರಿ. ಬಳ್ಳಿಗಳ ಎಲೆ ಹಳದಿ-ಕೆಂಪಾಗಿರುತ್ತದೆ, ಜನ ಕಡಿಮೆ.

ಸಸ್ಯಾಹಾರಿಗಳು ‘ಸಿನ್ ಕಾರ್ನೆ’ ಅಂತಷ್ಟೇ ಹೇಳಿದರೆ ಸಾಲದು. ಕಾರ್ನೆ ಅಂದರೆ ಎಷ್ಟೋ ಕಡೆ ದನದ ಮಾಂಸ ಅಂತ ಮಾತ್ರ ಅರ್ಥ. ತಟ್ಟೆಗೆ ಕೋಳಿ, ಹ್ಯಾಮ್ ಬರಬಹುದು. ‘ಸಿನ್ ಪೊಯೊ, ಸಿನ್ ಹಮೋನ್’ ಅಂತಲೂ ಸೇರಿಸಿ. ಕಫಯಾತೆ ಕಡೆ ಜೋಳದ ಗರಿಯಲ್ಲಿ ಬೇಯಿಸುವ ಉಮೀತಾ, ಚೀಸ್ ಎಂಪನಾಡಾ ಕೇಳಿ. ಉಮೀತಾ ಬಿಚ್ಚಿದಾಗ ಬರುವ ಹಬೆ ಥೇಟ್ ಅರಿಶಿನ ಎಲೆಯ ಕಡುಬು ಬಿಚ್ಚಿದ ಹಾಗೆ. ಪೆರುವಿನಲ್ಲಿ ಆಲೂಗಡ್ಡೆ, ಚೀಸ್ ಸಾಸಿನ ‘ಪಾಪಾ ಆ ಲಾ ವಾಂಕಾಯಿನಾ’ ಇದೆ. ಖಾರವೂ ಸ್ವಲ್ಪ ಇರುತ್ತದೆ.

ವೀಸಾ ನಿಯಮ ಒಂದೊಂದು ದೇಶಕ್ಕೆ ಒಂದೊಂದು ಥರ, ಬದಲಾಗುತ್ತಲೂ ಇರುತ್ತದೆ. ಅಮೆರಿಕದ ವೀಸಾ ಇರುವ ಭಾರತೀಯರಿಗೆ ಕೆಲವು ಕಡೆ ಸಡಿಲಿಕೆ ಇದೆ. ಟಿಕೆಟ್ ತೆಗೆಯುವ ಮೊದಲು ಆಯಾ ರಾಯಭಾರ ಕಚೇರಿಯ ವೆಬ್‌ಸೈಟನ್ನೇ ನೋಡಿ. ಹೋಗುವಾಗ ಯಾರೂ ಕೇಳದೆ, ವಾಪಸ್ ಬರುವಾಗ ತೊಂದರೆ ಕೊಡುವುದು ಯೆಲ್ಲೋ ಫೀವರ್ ಲಸಿಕೆ. ಅರ್ಜೆಂಟೀನಾ, ಬೊಲಿವಿಯಾ, ಪೆರು ಭಾರತದ ಪಟ್ಟಿಯಲ್ಲಿವೆ. ಆ ದೇಶಗಳಿಂದ ಬರುವವರ ಹತ್ತಿರ ಲಸಿಕೆಯ ಹಳದಿ ಕಾರ್ಡ್ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಕ್ವಾರಂಟೈನ್‌ಗೆ ಕಳಿಸಬಹುದು. ಹೊರಡುವುದಕ್ಕೆ ಹತ್ತು ದಿನ ಮೊದಲಾದರೂ ಲಸಿಕೆ ಆಗಿರಬೇಕು. ಬಾಟಲಿಗಳ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ: ಸುಂಕವಿಲ್ಲದೆ ಒಬ್ಬರು ತರಬಹುದಾದ್ದು ಎರಡು ಲೀಟರ್, ಅಂದರೆ 750 ಮಿಲಿಯ ಎರಡು ಬಾಟಲಿ. ನಾನು ಒಂದು ತೊರ್ರೊಂತೆಸ್, ಒಂದು ಕಾರ್ಮೆನೇರ್ ತಂದೆ. ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ, ಬ್ಯಾಗಿನ ನಡುವೆ ಬಟ್ಟೆಗಳ ಮಧ್ಯೆ ಇಟ್ಟಿದ್ದೆ. ಎರಡೂ ಒಡೆಯದೆ ಮನೆ ಸೇರಿದವು.